ಫಟಫಟಿಯಿಂದ ಸ್ಕೂಟರಿಗೆ

ನಮ್ಮ ಕಡೆ ಮೋಟಾರು ಸೈಕಲಿಗೆ ಫಟಫಟಿಯೆಂದು ಹೆಸರು. ಅದರ ಸದ್ದೇ ಹೆಸರಾಯಿತು. ಅದನ್ನು 18 ವರ್ಷ ಓಡಿಸಿದವನು ಸ್ಕೂಟರು ಹತ್ತಿದನೆಂದರೆ ಗೆಳೆಯರು ಎರಡೇ ಕಾರಣ ಊಹಿಸುತ್ತಾರೆ: ಸೊಂಟನೋವು, ಇಲ್ಲವೇ ಹೆಂಡತಿಯ ಮಾತು. ನನ್ನ ಮಟ್ಟಿಗೆ ಎರಡರಲ್ಲಿಯೂ ಅಷ್ಟಿಷ್ಟು ಸತ್ಯವುಂಟು. ನನ್ನ ಮನೆ ಕಲಬುರಗಿಯಲ್ಲಿ, ಕೆಲಸ ಕಮಲಾಪುರದಲ್ಲಿ. ನಡುವೆ ಸುಮಾರು 35 ಕಿಲೋಮೀಟರು. ಮನೆಯವರು ಹಾದಿಯ ಮೇಲಿನ ಮಹಾಗಾಂವದಲ್ಲಿ ಶಿಕ್ಷಕಿ. ಸ್ಕೂಟರು ಪೇಟೆಯ ಗಾಡಿ, ಹೆದ್ದಾರಿಗೆ ತಕ್ಕುದಲ್ಲ ಎಂಬುದು ಕಚೇರಿಯ ಗೆಳೆಯರ ತೀರ್ಪು. ಬೆನ್ನ ಹಿಂದೆ ಇನ್ನೊಂದು ಜೀವವನ್ನು ಕೂರಿಸಿಕೊಂಡು ಹೋಗುವವನು ಈ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಒಂದು ವರ್ಷ ಓಡಿಸಿ ನೋಡಿದ ಮೇಲೆ ನನಗೆ ಕಂಡದ್ದನ್ನು ಹೇಳುತ್ತೇನೆ.

ಸ್ಕೂಟರಿನ ಮೂಲವೇ ಫಟಫಟಿಯ ಮೇಲಿನ ಮುನಿಸು. 1946ರಲ್ಲಿ ಇಟಲಿಯ ಪಿಯಾಜಿಯೋ ಕಂಪನಿಗೆ ವೆಸ್ಪಾ ರೂಪಿಸಿಕೊಟ್ಟ ಡಿ'ಅಸ್ಕಾನಿಯೋ ವಿಮಾನಗಳ ಎಂಜಿನಿಯರು. ಮೋಟಾರು ಸೈಕಲೆಂದರೆ ಆತನಿಗೆ ಆಗದು. ಬಟ್ಟೆಗೆ ಎಣ್ಣೆ ಸಿಡಿಯಬಾರದೆಂದು ಎಂಜಿನನ್ನು ಮುಚ್ಚಿಟ್ಟ, ಕಾಲು ಎತ್ತಿ ಹಾಕದೆ ಹತ್ತಲೆಂದು ನಡುವೆ ಬಯಲು ಬಿಟ್ಟ. 1972ರಲ್ಲಿ ಬಂದ ಬಜಾಜ್ ಚೇತಕ್ಕಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದದ್ದು ಕೇಳುಗರಲ್ಲಿ ಹಳಬರಿಗೆ ನೆನಪಿರಬಹುದು. ಅದರಲ್ಲಿ ಎಡಗೈಯಿಂದ ಗೇರು ತಿರುಗಿಸಬೇಕಿತ್ತು. ಈಗಿನ ಸ್ಕೂಟರಿಗೆ ಗೇರು ಹಾಕುವ ಗೊಡವೆಯೇ ಇಲ್ಲ. ಪೆಟ್ಟಿಗೆಯೊಳಗಿನ ರಬ್ಬರು ಬೆಲ್ಟು ಆ ಕೆಲಸವನ್ನು ತಾನೇ ನೋಡಿಕೊಳ್ಳುತ್ತದೆ. ನನ್ನದು 125 ಸಿ.ಸಿ.ಯದು. ಈ ಅಳತೆಯಿಂದ ಹಿಡಿದು 155 ಸಿ.ಸಿ.ವರೆಗಿನವನ್ನು ನಮ್ಮಲ್ಲಿ ನಡುಗಾತ್ರದವೆನ್ನಬಹುದು.

ಫಟಫಟಿಯವನು ಮೊದಲು ಪಳಗಿಸಬೇಕಾದದ್ದು ತನ್ನ ಎಡಗೈಯನ್ನು. ವೇಗ ತಗ್ಗಿಸುವಾಗ ಆ ಕೈ ತಾನಾಗಿಯೇ ಹಿಡಿಯನ್ನು ಒತ್ತುತ್ತದೆ. ಫಟಫಟಿಯಲ್ಲಿ ಅದು ಕ್ಲಚ್ಚು, ಇಲ್ಲಿ ಬ್ರೇಕು! ಹಳೆಯ ರೂಢಿಯಲ್ಲಿ ಪೂರ್ತಿ ಒತ್ತಿದರೆ ಹಿಂದಿನವರ ಹೆಲ್ಮೆಟು ನಮ್ಮ ಹೆಲ್ಮೆಟಿಗೆ ಬಡಿಯುತ್ತದೆ. 2019ರ ಏಪ್ರಿಲಿನಿಂದ 125 ಸಿ.ಸಿ.ವರೆಗಿನ ಗಾಡಿಗಳಿಗೆ ಎರಡೂ ಚಕ್ರದ ಬ್ರೇಕು ಕೂಡಿ ಹಿಡಿಯುವ ಏರ್ಪಾಡು ಕಡ್ಡಾಯವಾದದ್ದು ಒಳ್ಳೆಯದಾಯಿತು. ಇನ್ನೊಂದು ಮಾತು: ಗೇರಿನಲ್ಲಿರುವ ಫಟಫಟಿ ಪೆಟ್ರೋಲು ಬಿಟ್ಟೊಡನೆ ಎಂಜಿನ್ನಿನಿಂದಲೇ ತಡೆಯುತ್ತದೆ. ಸ್ಕೂಟರಿನಲ್ಲಿ ಆ ತಡೆ ಕಡಿಮೆ. ವೇಗ ತೀರ ಇಳಿದಾಗ ಅದೂ ಬಿಟ್ಟುಹೋಗಿ ಗಾಡಿ ಸುಮ್ಮನೆ ಉರುಳುತ್ತದೆ. ಆದ್ದರಿಂದ ಇಲ್ಲಿ ದೂರದಿಂದಲೇ ಬ್ರೇಕು ಹಿಡಿಯುವುದನ್ನು ರೂಢಿಸಿಕೊಳ್ಳಬೇಕು.

ಊರೊಳಗೆ ಸ್ಕೂಟರಿನದೇ ರಾಜ್ಯ. ಜಗತ್ ವೃತ್ತ, ಸೂಪರ್ ಮಾರ್ಕೆಟ್ಟುಗಳ ಸಂದಣಿಯಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಂತು ಹೊರಡುವಾಗ ಕ್ಲಚ್ಚು ಹಿಡಿದು ಬೆರಳು ಸೋಲುವುದಿಲ್ಲ. ಜೋಳದ ಚೀಲವನ್ನು ಕಾಲಿನ ಬಳಿ ಇಟ್ಟುಕೊಳ್ಳಬಹುದು.

ಹುಮನಾಬಾದ ರಸ್ತೆಗೆ ಬಿದ್ದ ಮೇಲೆ ಮಾತು ಬೇರೆ. ಫಟಫಟಿಯ ಚಕ್ರ 17 ಅಥವಾ 18 ಅಂಗುಲದ್ದು. ಸ್ಕೂಟರಿನದು ಸಾಮಾನ್ಯವಾಗಿ 10 ಇಲ್ಲವೇ 12. ದೊಡ್ಡ ಚಕ್ರ ದಾಟಿ ಹೋಗುವ ಗುಂಡಿಯೊಳಕ್ಕೆ ಚಿಕ್ಕದು ಇಳಿದೇಬಿಡುತ್ತದೆ. ಹೀಗಾಗಿ ಕಣ್ಣು ಒಮ್ಮೆ ದೂರಕ್ಕೆ, ಒಮ್ಮೆ ಡಾಂಬರಿಗೆ ಓಡಾಡುತ್ತಲೇ ಇರಬೇಕು. ಚಳಿಗಾಲದ ಸಂಜೆ ಕಮಲಾಪುರದಿಂದ ಮರಳುವಾಗ ಇಳಿಹೊತ್ತಿನ ಸೂರ್ಯ ಮುಖಕ್ಕೇ ಬೀಳುತ್ತಾನೆ. ಗುಂಡಿಯೂ ನೆರಳೂ ಒಂದೇ ಆಗಿ ಕಾಣುತ್ತವೆ. ಅದೇ ಸುಗ್ಗಿಯಲ್ಲಿ ತೊಗರಿ ಹೇರಿದ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಗಂಜಿನತ್ತ ಹೊರಟಿರುತ್ತವೆ. ಕುರಿಕೋಟಾ ಸೇತುವೆಯ ಮೇಲೆ ಅಡ್ಡಗಾಳಿ ಬೀಸಿದರೆ ಸ್ಕೂಟರಿನ ಅಗಲವಾದ ಎದೆಯೇ ಹಾಯಿಯಾಗಿ ಗಾಡಿಯನ್ನು ಪಕ್ಕಕ್ಕೆ ಸರಿಸುತ್ತದೆ. 55 ಕಿಲೋಮೀಟರು ವೇಗದಲ್ಲಿ ಗಾಡಿ ಹಾಯಾಗಿರುತ್ತದೆ. ಇಬ್ಬರು ಕುಳಿತು 75ಕ್ಕೆ ಮುಟ್ಟಿಸಿದರೆ, ಲಾರಿಯೊಂದನ್ನು ಹಿಂದೆ ಹಾಕಲು ಬೇಕಾದ ಕಸುವು ಅದರಲ್ಲಿ ಉಳಿದಿರುವುದಿಲ್ಲ. ಲಾರಿಯ ಹಿಂದೆ ಅಂತರ ಬಿಟ್ಟು ಹೋಗಿ ಎಂಟು ನಿಮಿಷ ತಡವಾಗಿ ತಲುಪುವುದನ್ನು ನಾನು ಒಪ್ಪಿಕೊಂಡಿದ್ದೇನೆ. ಇದಕ್ಕೆ ಒಪ್ಪದ ಸ್ವಭಾವದವರು ಸ್ಕೂಟರಿನಲ್ಲಿ ಹೆದ್ದಾರಿ ಹಿಡಿಯದಿರುವುದೇ ಲೇಸು.

ಬೆಲ್ಟಿನ ವಿಷಯವನ್ನೂ ಮರೆಯಬಾರದು. ಫಟಫಟಿಯ ಚೈನು ಕಡಿದರೆ ಯಾವ ಹಳ್ಳಿಯ ಮೇಸ್ತ್ರಿಯಾದರೂ ಕೂಡಿಸಿಕೊಡುತ್ತಾನೆ. ಬೆಲ್ಟು ಹರಿದರೆ ಕೂಡಿಸಲು ಬಾರದು, ಹೊಸದೇ ಬೇಕು. ಕಂಪನಿಯ ಪುಸ್ತಕದಲ್ಲಿ ಹೇಳಿದ ದೂರ ಮುಟ್ಟುವ ಮೊದಲೇ ಬದಲಿಸಿಬಿಡುವುದು ಜಾಣತನ.

ಮೇ ತಿಂಗಳ ಬಿಸಿಲಿನಲ್ಲಿ, 43 ಡಿಗ್ರಿ ದಾಟಿದ ದಿನ, ಫಟಫಟಿಯ ಎಂಜಿನು ಮೀನಖಂಡಗಳನ್ನು ಸುಡುತ್ತದೆ. ಸ್ಕೂಟರಿನಲ್ಲಿ ಆ ಕಾವು ಸೀಟಿನ ಕೆಳಗೆ. ಕಮಲಾಪುರದ ಕೆಂಪು ಬಾಳೆಹಣ್ಣನ್ನು ಸೀಟಿನಡಿಯ ಪೆಟ್ಟಿಗೆಯಲ್ಲಿಟ್ಟು ತಂದರೆ ಮನೆ ಮುಟ್ಟುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಚೀಲದಲ್ಲಿ ಹಾಕಿ ಮುಂದಿನ ಕೊಕ್ಕೆಗೆ ತೂಗುಹಾಕಬೇಕು.

ಇನ್ನು ಮನೆಯವರ ವಿಚಾರ. ಫಟಫಟಿ ಇದ್ದಷ್ಟು ಕಾಲವೂ ಅದು ನನ್ನೊಬ್ಬನದೇ ಆಗಿತ್ತು. ಅವರು ಸೀರೆಯುಟ್ಟು ಒಂದು ಬದಿಗೆ ಕಾಲು ಬಿಟ್ಟು ಕೂರಬೇಕು, ಇಲ್ಲವೇ ಬಸ್ಸಿಗೆ ಕಾಯಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ, "ಬಸ್ಸು ಪುಕ್ಕಟ ಅದ, ಪೆಟ್ರೋಲ್ ಯಾಕ ಸುಡಬೇಕ್ರಿ?" ಎಂದು ಕೇಳಿದ್ದರು. ಪ್ರಶ್ನೆ ಸರಿಯಾದದ್ದೇ. ಆದರೆ ತುಂಬಿದ ಬಸ್ಸು ನಿಲ್ಲದೆ ಹೋದ ದಿನ ಶಾಲೆಯ ಗಂಟೆ ಕಾಯುವುದಿಲ್ಲ. ಸ್ಕೂಟರು ಬಂದ ಮೂರನೆಯ ತಿಂಗಳು ಅವರು ಲೈಸೆನ್ಸು ಪಡೆದರು. ಈಗ ಬೆಳಿಗ್ಗೆ ಮಹಾಗಾಂವದವರೆಗೆ ಅವರೇ ಓಡಿಸುತ್ತಾರೆ, ನಾನು ಹಿಂದೆ ಕೂರುತ್ತೇನೆ. ಅವರ ವೇಗ 50. ಗುಂಡಿಗಳನ್ನು ನನಗಿಂತ ಮೊದಲೇ ಕಾಣುತ್ತಾರೆ.

ಫಟಫಟಿಯನ್ನು ನಾನು ಮಾರಿಲ್ಲ. ಮಳೆ ಹಿಡಿದಾಗ ಹೊಲದಿಂದ ಬಂದ ಟ್ರ್ಯಾಕ್ಟರುಗಳು ಎರೆಮಣ್ಣನ್ನು ರಸ್ತೆಗೆ ತಂದು ಬಳಿಯುತ್ತವೆ. ಅದರ ಮೇಲೆ ಚಿಕ್ಕ ಚಕ್ರವನ್ನು ನಂಬಲು ನನಗೆ ಧೈರ್ಯ ಸಾಲದು. ಅಂಥ ದಿನ ನಾನು ಫಟಫಟಿ ತೆಗೆಯುತ್ತೇನೆ, ಅವರು ಬಸ್ಸಿಗೆ ಹೋಗುತ್ತಾರೆ. ಸಂಜೆ ಮಳೆ ಬಿಟ್ಟರೆ ಸ್ಕೂಟರು ಅವರ ಕೈಯಲ್ಲಿ ಸೂಪರ್ ಮಾರ್ಕೆಟ್ಟಿನ ಕಡೆಗೆ ಹೊರಡುತ್ತದೆ.