ಹಣ ಹಂಚುವವರ ಹೊಣೆ



ನಮ್ಮ ಜಿಲ್ಲೆಯ ಗೌರಿಬಿದನೂರಿನ ಬಳಿ 1976ರಿಂದ ರೇಡಿಯೋ ವೀಕ್ಷಣಾಲಯವಿದೆ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ ಎರಡೂ ಕೂಡಿ ಅಲ್ಲಿ ಟಿ ಆಕಾರದಲ್ಲಿ ಸಾವಿರ ಆಂಟೆನಾ ನೆಟ್ಟು ಆಕಾಶಕ್ಕೆ ಕಿವಿಗೊಟ್ಟವು. ಅದರಿಂದ ಯಾರ ಹೊಲಕ್ಕೂ ನೀರು ಬರಲಿಲ್ಲ. ಆದರೂ ಸರ್ಕಾರದ ದುಡ್ಡು ಸಿಕ್ಕಿತು.

ಇಂಥ ಸಂಶೋಧನೆಗೆ ಕೇಂದ್ರದ ಹಣ ಹಂಚಲು 2008ರ ಕಾಯ್ದೆಯಿಂದ ಒಂದು ಮಂಡಳಿ ಬಂತು. 2023ರ ಕಾಯ್ದೆ ಅದರ ಜಾಗಕ್ಕೆ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವನ್ನು ತಂದಿತು. ಅದರ ಆಡಳಿತ ಮಂಡಳಿಗೆ ಪ್ರಧಾನಿಯವರೇ ಅಧ್ಯಕ್ಷರು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಅಂದಾಜು. ಹೆಚ್ಚಿನ ಪಾಲು ಸರ್ಕಾರದ ಹೊರಗಿನಿಂದ ಬರಬೇಕೆಂಬ ಲೆಕ್ಕ.

ನಾನು ಸಾಫ್ಟ್‌ವೇರ್ ಕೆಲಸದವನು. ಹಣ ಹಾಕಿದವರು ನಮ್ಮನ್ನು ಮೊದಲು ಕೇಳುವುದು, 'ಲಾಭ ಯಾವಾಗ?' ಹೊರಗಿನ ಹಣದ ಜೊತೆ ಈ ಪ್ರಶ್ನೆ ಅಲ್ಲಿಗೂ ಬರುತ್ತದೆ. ಶಿಡ್ಲಘಟ್ಟದ ರೇಷ್ಮೆಹುಳುವಿನ ರೋಗಕ್ಕೆ ಮದ್ದು ಹುಡುಕುವವರು ಉತ್ತರ ಹೇಳಬಲ್ಲರು. ಆಕಾಶ ಆಲಿಸುವವರು ಹೇಳಲಾರರು. ಮಂಡಳಿ ನಡೆಸುವವರು ಇಬ್ಬರಿಗೂ ಜಾಗ ಉಳಿಸಬೇಕು. ಅರ್ಜಿಯನ್ನು ವಿಷಯ ಬಲ್ಲವರಿಂದ ಓದಿಸಬೇಕು. ಕಾಲೇಜಿನ ಹೆಸರು ನೋಡಿ ಬದಿಗಿಡಬಾರದು. ಇಲ್ಲ ಎಂದರೆ ಕಾರಣ ಹೇಳಬೇಕು. ತಮ್ಮವರ ಅರ್ಜಿ ಬಂದಾಗ ಎದ್ದು ಹೊರಗೆ ಹೋಗಬೇಕು.

ಮಕ್ಕಳೇ, ನಾಳೆ ನಿಮ್ಮಲ್ಲೊಬ್ಬರು ಚಿಂತಾಮಣಿಯ ಕಾಲೇಜಿನಿಂದ ಅರ್ಜಿ ಹಾಕಬಹುದು. ಇನ್ನೊಬ್ಬರು ಅದನ್ನು ಓದುವ ಕುರ್ಚಿಯಲ್ಲಿ ಕೂರಬಹುದು. ಕೂತವರು 'ಇದರಿಂದೇನು ಲಾಭ?' ಎನ್ನುವ ಮೊದಲು 'ಪ್ರಶ್ನೆ ಗಟ್ಟಿಯಾಗಿದೆಯೇ?' ಎಂದು ನೋಡಿ. ಆ ಅಳತೆಯನ್ನು ಕಲಿಯಲು ಈ ಶಾಲೆಯ ಬೆಂಚೇ ಸಾಕು.