ಹೋದ ನೋಟ ಮರಳದು, ಇರುವ ನೋಟ ಉಳಿಸಿಕೊಳ್ಳೋಣ
(ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಮಾಹಿತಿ)



ಉಳಿತಾಯ, ಸಾಲ, ಕಂತು ಅಂತ ನಾವು ಪ್ರತಿ ವಾರ ಮಾತಾಡುತ್ತೇವೆ. ಇವತ್ತು ಕಣ್ಣಿನ ಬಗ್ಗೆ ಮಾತಾಡೋಣ.

ನಮ್ಮ ಒಂದು ಸಂಘದ ಹಿರಿಯ ಸದಸ್ಯೆ ಗ್ಲಾಕೋಮಾಕ್ಕೆ 6 ವರ್ಷ ಹನಿ ಔಷಧಿ ಹಾಕುತ್ತಿದ್ದರು. ಮಗಳ ಮದುವೆಯ ಸಾಲ ತೀರಿಸಬೇಕಾದಾಗ ಔಷಧಿ ಬಿಟ್ಟರು. "ಹಾಕಿದಾಗಲೂ ನೋಟ ಹೆಚ್ಚಲಿಲ್ಲ, ಬಿಟ್ಟಾಗಲೂ ಏನೂ ಆಗಲಿಲ್ಲ ಸಿಸ್ಟರ್" ಅಂದರು. ಒಂದೂವರೆ ವರ್ಷದಲ್ಲಿ ಎಡಗಣ್ಣು ಪೂರ್ತಿ ಹೋಯಿತು. ಅವರ ಕಂತು ಒಂದು ವಾರವೂ ತಪ್ಪಿರಲಿಲ್ಲ. ಪಾಸ್‌ಬುಕ್ ನೋಡಿ ನಾವು ಶಭಾಷ್ ಅಂದಿದ್ದೆವು. ಔಷಧಿ ಹಾಕ್ತಿದ್ದೀರಾ ಅಂತ ಒಮ್ಮೆಯೂ ಕೇಳಿರಲಿಲ್ಲ. ಈ ತಪ್ಪು ನಮ್ಮದೂ ಹೌದು.

ಕಣ್ಣಿನೊಳಗಿನ ದ್ರವ ಸರಿಯಾಗಿ ಹರಿದು ಹೋಗದಿದ್ದರೆ ಒತ್ತಡ ಹೆಚ್ಚುತ್ತದೆ. ಆಗ ಮೆದುಳಿಗೆ ಹೋಗುವ ನರ ನಿಧಾನವಾಗಿ ಹಾಳಾಗುತ್ತದೆ. ಸಾಮಾನ್ಯವಾಗಿ ನೋವು ಇರುವುದಿಲ್ಲ. ಮೊದಲು ಅಕ್ಕಪಕ್ಕದ ನೋಟ ಹೋಗುತ್ತದೆ, ನೇರ ನೋಟ ಕೊನೆಗೆ. ಪೊರೆಯಾದರೆ ಆಪರೇಷನ್ ಮಾಡಿದರೆ ಮತ್ತೆ ಕಾಣುತ್ತದೆ. ಇದರಲ್ಲಿ ಹೋದ ನೋಟ ಬರುವುದಿಲ್ಲ. ಔಷಧಿ ಹಾಕುವುದು ನೋಟ ಹೆಚ್ಚಿಸಲು ಅಲ್ಲ, ಉಳಿದದ್ದನ್ನು ಕಾಯಲು.

ಗ್ಲಾಕೋಮಾ ಬಹಳ ವರ್ಷದಿಂದ ಇರುವವರಲ್ಲಿ ಯಾರಿಗೆ ಅಪಾಯ ಹೆಚ್ಚು?

1. ತಡವಾಗಿ ಪತ್ತೆಯಾದವರಿಗೆ. ದಕ್ಷಿಣ ಭಾರತದ ಸಮೀಕ್ಷೆಗಳಲ್ಲಿ ಈ ಕಾಯಿಲೆ ಇದ್ದ 10 ಜನರಲ್ಲಿ ಸುಮಾರು 9 ಮಂದಿಗೆ ಅದು ಗೊತ್ತೇ ಇರಲಿಲ್ಲ.

2. ಒತ್ತಡ ಹತೋಟಿಗೆ ಬಾರದವರಿಗೆ, ಒಮ್ಮೆ ಏರಿ ಒಮ್ಮೆ ಇಳಿಯುವವರಿಗೆ. ಸ್ವೀಡನ್ನಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಒತ್ತಡ 1 ಅಂಶ ಇಳಿದರೂ ಕಾಯಿಲೆ ಮುಂದುವರಿಯುವ ಅಪಾಯ ಸುಮಾರು 10 ಶೇಕಡಾ ಕಡಿಮೆಯಾಗುತ್ತದೆ.

3. ಔಷಧಿ ಬಿಟ್ಟುಬಿಟ್ಟು ಹಾಕುವವರಿಗೆ, ತಪಾಸಣೆಗೆ ಹೋಗದವರಿಗೆ.

4. ವಯಸ್ಸಾದವರಿಗೆ, ಒಂದು ಕಣ್ಣು ಆಗಲೇ ಹೋದವರಿಗೆ, ದೂರದ್ದು ಕಾಣದೆ ಹೆಚ್ಚು ಪವರಿನ ಕನ್ನಡಕ ಹಾಕುವವರಿಗೆ.

5. ಕಣ್ಣು ಕೆಂಪಾಯಿತೆಂದು ಚೀಟಿ ಇಲ್ಲದೆ ಅಂಗಡಿಯಿಂದ ಸ್ಟೀರಾಯ್ಡ್ ಹನಿ ತಂದು ಹಾಕುವವರಿಗೆ. ಇದರಿಂದಲೇ ಒತ್ತಡ ಏರಬಹುದು.

6. ರಾತ್ರಿ ಬಿ.ಪಿ. ತುಂಬಾ ಇಳಿಯುವವರಿಗೆ. ಆದರೆ ಬಿ.ಪಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ವಯಸ್ಸನ್ನು ನಾವು ತಡೆಯಲಾರೆವು. ಔಷಧಿ ತಪ್ಪುವುದನ್ನು ತಡೆಯಬಹುದಲ್ಲವೇ? ಹನಿ ಹಾಕುವಾಗ ಒಂದೇ ಹನಿ ಸಾಕು. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು 2 ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಎರಡು ಬಗೆಯ ಔಷಧಿ ಇದ್ದರೆ ನಡುವೆ 5 ನಿಮಿಷ ಬಿಡಿ. ಉಬ್ಬಸ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ. ಕೆಲವು ಹನಿಗಳು ಉಬ್ಬಸದವರಿಗೆ ಆಗುವುದಿಲ್ಲ. ಸೊಪ್ಪಿನ ರಸ, ಎಣ್ಣೆ ಕಣ್ಣಿಗೆ ಬೇಡ. ಹಣದ ತೊಂದರೆ ಇದ್ದರೆ ಕಡಿಮೆ ಬೆಲೆಯ ಔಷಧಿ ಇದೆಯೇ ಎಂದು ಡಾಕ್ಟರನ್ನೂ ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ. ಮನೆಯಲ್ಲಿ ಒಬ್ಬರಿಗಿದ್ದರೆ ಒಡಹುಟ್ಟಿದವರು, ಮಕ್ಕಳು ಕೂಡ ಪರೀಕ್ಷೆ ಮಾಡಿಸಲೇಬೇಕು.

ಇನ್ನು ಮುಂದೆ ವಾರದ ಸಭೆಯಲ್ಲಿ ಕಂತಿನ ಲೆಕ್ಕದ ಜೊತೆ ಇದನ್ನೂ ಕೇಳೋಣ: "ಅಕ್ಕಾ, ಹನಿ ಹಾಕಿದ್ರಾ? ಬಾಟ್ಲಿ ಮುಗೀತಾ?" ದುಡ್ಡಿಲ್ಲ ಅಂದರೆ ಸಂಘದಿಂದ ಕೈಸಾಲ ಕೊಡೋಣ. ಕಂತು ಒಂದು ವಾರ ತಡವಾದರೆ ಮುಂದಿನ ವಾರ ಕಟ್ಟಬಹುದು. ಕಣ್ಣಿಗೆ ಆ ಅವಕಾಶ ಇಲ್ಲ.

ಆ ಅಮ್ಮ ಈಗ ಬಲಗಣ್ಣಿಗೆ ದಿನವೂ ಔಷಧಿ ಹಾಕುತ್ತಿದ್ದಾರೆ. ಸಭೆಗೂ ಬರುತ್ತಿದ್ದಾರೆ. ಪಕ್ಕದ ಮನೆಯ ಸದಸ್ಯೆ ಕೈ ಹಿಡಿದು ಕರೆತರುತ್ತಾರೆ.