ಮಕ್ಕಳ ದಾಖಲೆ, ಮಕ್ಕಳ ಮಾನ: ದೂರದ ನ್ಯಾಯಾಲಯದಿಂದ ನಮ್ಮ ಅರ್ಜಿ ನಮೂನೆಯವರೆಗೆ

(ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)



ಈ ವರ್ಷದ ವರದಿಯಲ್ಲಿ ವಿದ್ಯಾರ್ಥಿವೇತನ ಪಡೆದ ಮಕ್ಕಳ ಹೆಸರನ್ನಾಗಲಿ ಫೋಟೊವನ್ನಾಗಲಿ ನಾವು ಅಚ್ಚು ಮಾಡುತ್ತಿಲ್ಲ. ಏಕೆಂದು ಕೆಲವು ದಾನಿಗಳು ಕೇಳಿದ್ದಾರೆ. ಹಣ ಕೊಟ್ಟವರು ಲೆಕ್ಕ ಕೇಳುವುದು ನ್ಯಾಯ, ಉತ್ತರ ಹೇಳುವುದು ನಮ್ಮ ಕರ್ತವ್ಯ. ಆ ಉತ್ತರಕ್ಕಾಗಿ ಸ್ವಲ್ಪ ದೂರ ಹೋಗಿ ಬರಬೇಕಾಗಿದೆ.

2001ರಲ್ಲಿ ಇಂಗ್ಲೆಂಡಿನ ಪೊಲೀಸರು 11 ವರ್ಷದ ಹುಡುಗನೊಬ್ಬನನ್ನು ದರೋಡೆಗೆ ಯತ್ನಿಸಿದ ಆರೋಪದ ಮೇಲೆ ಹಿಡಿದು, ಅವನ ಬೆರಳಚ್ಚು ಮತ್ತು ಡಿಎನ್‌ಎ ಮಾದರಿ ತೆಗೆದುಕೊಂಡರು. ಕೆಲವೇ ತಿಂಗಳಲ್ಲಿ ಅವನು ನಿರ್ದೋಷಿ ಎಂದು ತೀರ್ಪಾಯಿತು. ಆದರೂ ಪೊಲೀಸರು ಅವನ ಬೆರಳಚ್ಚನ್ನು ಅಳಿಸಲು ಒಪ್ಪಲಿಲ್ಲ. ಅಲ್ಲಿನ ನ್ಯಾಯಾಲಯಗಳೂ ಪೊಲೀಸರ ಪರವಾಗಿಯೇ ನಿಂತವು. 2004ರಲ್ಲಿ ಅಲ್ಲಿನ ಅತ್ಯುನ್ನತ ಪೀಠವೂ ಮೇಲ್ಮನವಿಯನ್ನು ತಳ್ಳಿಹಾಕಿತು.

ನಮ್ಮಲ್ಲಾದರೆ ಸುಪ್ರೀಂ ಕೋರ್ಟಿನ ಆಚೆಗೆ ದಾರಿಯಿಲ್ಲ. ಆ ಹುಡುಗನಿಗೆ ಇನ್ನೊಂದು ಬಾಗಿಲಿತ್ತು: ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ 1959ರಿಂದ ಇರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ. ಇಂದು 46 ದೇಶಗಳು ಅದರ ವ್ಯಾಪ್ತಿಯಲ್ಲಿವೆ. ಆ ದೇಶಗಳ ಯಾವುದೇ ವ್ಯಕ್ತಿ ತನ್ನ ಸರ್ಕಾರದ ವಿರುದ್ಧವೇ ಅಲ್ಲಿಗೆ ದೂರು ಕಳುಹಿಸಬಹುದು. ನ್ಯಾಯಾಲಯ ಶುಲ್ಕವಿಲ್ಲ. ಆದರೆ ಒಂದು ಕಟ್ಟುನಿಟ್ಟಿನ ನಿಯಮವಿದೆ: ಮೊದಲು ಸ್ವಂತ ದೇಶದ ನ್ಯಾಯಾಲಯಗಳ ಬಾಗಿಲನ್ನೆಲ್ಲ ತಟ್ಟಿರಬೇಕು. ಅಲ್ಲಿ ಅಂತಿಮ ತೀರ್ಮಾನವಾದ ನಾಲ್ಕು ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಹುಡುಗನ ಕಾಲದಲ್ಲಿ ಅದು ಆರು ತಿಂಗಳಿತ್ತು.

2008ರ ಡಿಸೆಂಬರ್ 4ರಂದು 17 ನ್ಯಾಯಾಧೀಶರ ಪೀಠ ಒಮ್ಮತದ ತೀರ್ಪು ಕೊಟ್ಟಿತು. ಅಪರಾಧ ಸಾಬೀತಾಗದವರ ಬೆರಳಚ್ಚು, ಡಿಎನ್‌ಎಯನ್ನು ಹೀಗೆ ಕಾಲಮಿತಿಯಿಲ್ಲದೆ ಇಟ್ಟುಕೊಳ್ಳುವುದು ಖಾಸಗಿ ಬದುಕಿನ ಹಕ್ಕಿಗೆ ಭಂಗ; ಅದರಲ್ಲೂ ಮಕ್ಕಳ ಮೇಲೆ ಇದರಿಂದ ಹೆಚ್ಚಿನ ಹಾನಿಯಾಗಬಹುದು ಎಂದು ಅದು ಹೇಳಿತು. ಸ್ಟ್ರಾಸ್‌ಬರ್ಗ್ ನ್ಯಾಯಾಲಯ ಒಂದು ದೇಶದ ಕಾನೂನನ್ನು ತಾನೇ ರದ್ದು ಮಾಡುವುದಿಲ್ಲ. ಹಕ್ಕಿಗೆ ಭಂಗವಾಗಿದೆ ಎಂದು ಘೋಷಿಸುತ್ತದೆ, ಸರಿಪಡಿಸುವ ಹೊಣೆಯನ್ನು ಆ ದೇಶಕ್ಕೇ ಬಿಡುತ್ತದೆ. ತೀರ್ಪು ಜಾರಿಯಾಯಿತೇ ಎಂಬುದನ್ನು ಸದಸ್ಯ ದೇಶಗಳ ಮಂತ್ರಿಗಳ ಸಮಿತಿ ನೋಡಿಕೊಳ್ಳುತ್ತದೆ. ಬ್ರಿಟನ್ 2012ರಲ್ಲಿ ಹೊಸ ಕಾನೂನು ತಂದಿತು. ಈ ಪ್ರಕರಣದ ಕಡತದಲ್ಲಿ ಆ ಹುಡುಗನ ಪೂರ್ತಿ ಹೆಸರಿಲ್ಲ; ಒಂದೇ ಅಕ್ಷರ, 'ಎಸ್'. ಒಂದು ದೇಶದ ಕಾನೂನನ್ನೇ ಬದಲಾಯಿಸಿದ ಹುಡುಗನ ಹೆಸರು ನಮಗಿನ್ನೂ ಗೊತ್ತಿಲ್ಲ.

ಇಂಥ ನ್ಯಾಯಾಲಯಗಳು ಅಮೆರಿಕ ಖಂಡದವರಿಗೆ ಕೋಸ್ಟರಿಕಾದಲ್ಲಿ, ಆಫ್ರಿಕಾದವರಿಗೆ ಟಾಂಜಾನಿಯಾದಲ್ಲಿವೆ. ಏಷ್ಯಾ ಖಂಡಕ್ಕೆ ಒಂದೂ ಇಲ್ಲ. ಹಾಗಾದರೆ ನಮಗೂ ಆ ತೀರ್ಪಿಗೂ ಏನು ಸಂಬಂಧ?

ಸಂಬಂಧ ಕಟ್ಟಿಕೊಟ್ಟವರು ನಮ್ಮ ಬೆಂಗಳೂರಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಸಂವಿಧಾನದಲ್ಲಿ ಖಾಸಗಿತನದ ಹಕ್ಕೇ ಇಲ್ಲ ಎಂದು ಸರ್ಕಾರ ವಾದಿಸಿತು. 1950 ಮತ್ತು 60ರ ದಶಕದ ಎರಡು ಹಳೆಯ ತೀರ್ಪುಗಳು ಆ ವಾದಕ್ಕೆ ಆಸರೆಯಾಗಿದ್ದವು. ಆದ್ದರಿಂದ ಒಂಬತ್ತು ನ್ಯಾಯಮೂರ್ತಿಗಳ ಪೀಠವೇ ಕೂರಬೇಕಾಯಿತು. 2017ರ ಆಗಸ್ಟ್ 24ರಂದು ಒಂಬತ್ತೂ ಮಂದಿ ಒಂದೇ ಮಾತು ಹೇಳಿದರು: ಖಾಸಗಿತನ ಮೂಲಭೂತ ಹಕ್ಕು.

ಆ ತೀರ್ಪಿನಲ್ಲಿ ಬೇರೆ ದೇಶಗಳ ತೀರ್ಪುಗಳ ಜೊತೆಗೆ ಸ್ಟ್ರಾಸ್‌ಬರ್ಗಿನ ತೀರ್ಪುಗಳನ್ನೂ ಚರ್ಚಿಸಲಾಗಿದೆ. 'ಎಸ್' ಎಂಬ ಹುಡುಗನ ಪ್ರಕರಣವೂ ಅವುಗಳಲ್ಲಿ ಒಂದು. ಯುರೋಪಿನ ನ್ಯಾಯಾಲಯದ ಆಜ್ಞೆ ನಮ್ಮ ಮೇಲೆ ನಡೆಯುವುದಿಲ್ಲ. ಆದರೆ ಒಳ್ಳೆಯ ವಿಚಾರಕ್ಕೆ ಗಡಿಯಿಲ್ಲ. ನಮ್ಮ ನ್ಯಾಯಮೂರ್ತಿಗಳು ಅದನ್ನು ಓದಿ, ತೂಗಿ, ನಮ್ಮ ಸಂವಿಧಾನದ 21ನೆಯ ವಿಧಿಯ ನೆಲದ ಮೇಲೆ ನಿಂತು ತಮ್ಮದೇ ತೀರ್ಪು ಬರೆದರು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರು ಗಳಿಸಿಕೊಟ್ಟ ಹಕ್ಕು ನಮ್ಮೆಲ್ಲರಲ್ಲಿ ಉಳಿದಿದೆ.

ಮುಂದೆ 2018ರ ಸೆಪ್ಟೆಂಬರ್ 26ರಂದು ಐವರ ಪೀಠ ಬಹುಮತದಿಂದ ಆಧಾರ್ ಕಾಯ್ದೆಯ ಹೆಚ್ಚಿನ ಭಾಗವನ್ನು ಎತ್ತಿಹಿಡಿಯಿತು. ಮಕ್ಕಳ ವಿಷಯದಲ್ಲಿ ಆ ಪೀಠ ಹೇಳಿದ್ದನ್ನು ತಂದೆ ತಾಯಿಯರು ನೆನಪಿಟ್ಟುಕೊಳ್ಳಬೇಕು. ಶಾಲೆಗೆ ಸೇರಿಸಿಕೊಳ್ಳಲು ಆಧಾರ್ ಕಡ್ಡಾಯವಲ್ಲ. ಆಧಾರ್ ಸಂಖ್ಯೆ ಕೊಡಲಾಗಲಿಲ್ಲ ಎಂಬ ಕಾರಣಕ್ಕೆ ಮಗುವಿಗೆ ಸಿಗಬೇಕಾದ ಸರ್ಕಾರಿ ಯೋಜನೆಯ ಸೌಲಭ್ಯ ತಪ್ಪಿಸುವಂತಿಲ್ಲ. ಬೇರೆ ದಾಖಲೆ ನೋಡಿ ಕೊಡಬೇಕು.

ತೀರ್ಪು ಬಂದ ಮಾತ್ರಕ್ಕೆ ಕೌಂಟರಿನಲ್ಲಿ ಕೆಲಸ ಆಗಿಬಿಡುವುದಿಲ್ಲ, ಇದು ತಮಗೆ ಗೊತ್ತು. 'ಎಸ್' ಎಂಬ ಹುಡುಗ ಕೂಡ ತನ್ನ ಊರಿನ ಬಾಗಿಲುಗಳನ್ನೇ ಮೊದಲು ತಟ್ಟಿದ. ನಮ್ಮಲ್ಲೂ ಬಾಗಿಲುಗಳಿವೆ. ಮೊದಲು ಕಚೇರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸರ್ಕಾರಿ ನೌಕರರಿಂದ ಹಕ್ಕಿಗೆ ಧಕ್ಕೆಯಾದರೆ ಒಂದು ವರ್ಷದೊಳಗೆ ಕರ್ನಾಟಕ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಕನ್ನಡದಲ್ಲೇ, ಶುಲ್ಕವಿಲ್ಲದೆ ದೂರು ಕೊಡಬಹುದು. ಆಯೋಗ ವಿಚಾರಿಸಿ ಶಿಫಾರಸು ಮಾಡಬಲ್ಲದು, ಆದೇಶ ಹೊರಡಿಸಲಾರದು. ಆದೇಶವೇ ಬೇಕಾದರೆ ಹೈಕೋರ್ಟಿಗೆ ಹೋಗಬೇಕು. ವಕೀಲರ ಖರ್ಚಿನ ಚಿಂತೆಯೇ? ಮಹಿಳೆಯರಿಗೂ ಮಕ್ಕಳಿಗೂ ಅವರ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಈಗ ದಾನಿಗಳ ಪ್ರಶ್ನೆಗೆ ಬರೋಣ. ಸರ್ಕಾರದಿಂದ ನಾವು ಕೇಳುವ ಮರ್ಯಾದೆಯನ್ನು ನಮ್ಮ ಮಕ್ಕಳಿಗೆ ನಾವೂ ಕೊಡಬೇಕು. ತಂದೆಯ ಆದಾಯ, ತಾಯಿ ವಿಧವೆಯೋ ಅಲ್ಲವೋ, ಮನೆಯಲ್ಲಿ ಕಾಯಿಲೆಯವರು ಯಾರು ಎಂಬುದನ್ನೆಲ್ಲ ಒಂದು ಕುಟುಂಬ ನಮ್ಮ ಅರ್ಜಿಯಲ್ಲಿ ಬರೆದುಕೊಡುತ್ತದೆ. ಅದು ನಮ್ಮ ಕೈಯಲ್ಲಿರುವ ಅಮಾನತು. ಗುಟ್ಟಾಗಿ ಕೊಟ್ಟ ದಾನಕ್ಕೆ ನಮ್ಮಲ್ಲಿ ಎಂದಿನಿಂದಲೂ ಹೆಚ್ಚಿನ ಬೆಲೆ. ಹತ್ತು ವರ್ಷದ ನಂತರ ಕೆಲಸದ ಸಂದರ್ಶನಕ್ಕೋ ಮದುವೆಯ ಮಾತುಕತೆಗೋ ಹೋದ ಮಗಳ ಮುಂದೆ ಯಾರೂ ನಮ್ಮ ವರದಿಯ ಪುಟವನ್ನು ಹಿಡಿಯಬಾರದು.

ಲೆಕ್ಕದಲ್ಲಿ ಯಾವ ಮುಚ್ಚುಮರೆಯೂ ಇಲ್ಲ. ಯಾವ ತರಗತಿಗೆ, ಯಾವ ಕೋರ್ಸಿಗೆ, ಎಷ್ಟು ಮಂದಿಗೆ, ಎಷ್ಟು ಹಣ ಎಂಬುದು ಲೆಕ್ಕಪರಿಶೋಧಕರ ಸಹಿಯೊಂದಿಗೆ ಇದೇ ವರದಿಯಲ್ಲಿದೆ.

ಮುಂದಿನ ಸಾಲಿನ ಅರ್ಜಿದಾರರು ಗಮನಿಸಬೇಕು: ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಶುಲ್ಕದ ರಸೀದಿ ಸಾಕು. ಗುರುತಿಗೆ ಶಾಲಾ ಗುರುತಿನ ಚೀಟಿ ನಡೆಯುತ್ತದೆ. ಜೆರಾಕ್ಸ್ ಪ್ರತಿಗಳ ಮೇಲೆ 'ವಿದ್ಯಾರ್ಥಿವೇತನಕ್ಕೆ ಮಾತ್ರ' ಎಂದು ಬರೆದು ಸಹಿ ಹಾಕಿ. ಆಯ್ಕೆಯಾಗದವರ ಪ್ರತಿಗಳನ್ನು ಹಿಂತಿರುಗಿಸುತ್ತೇವೆ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರಾದರೂ ಕಾನೂನು ಓದಿರಿ. ಬೆಂಗಳೂರಿನ ಒಬ್ಬ ಹಿರಿಯರ ಅರ್ಜಿ ಇಡೀ ದೇಶಕ್ಕೆ ಹಕ್ಕು ತಂದಿತು. ಮುಂದಿನ ಅರ್ಜಿ ನಿಮ್ಮಲ್ಲೊಬ್ಬರದಾಗಲಿ. ಕೊಟ್ಟವರ ದುಡಿಮೆಯಲ್ಲಿ, ಪಡೆದವರ ಓದಿನಲ್ಲಿ ಅಲ್ಲಾಹನು ಬರ್ಕತ್ ನೀಡಲಿ. ಆಮೀನ್.